ಅಂಗೈಯಗಲದ ಕಾವು

ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರು ಮಾಡಿದ ಕೊನೆಯ ಮೇಜು ಅಂದು ಸಂಜೆ ಗಿರಾಕಿಯ ಮನೆಗೆ ಹೋಗಬೇಕಿತ್ತು. ಕಳಿಸಲು ನನಗೆ ಮನಸ್ಸಿರಲಿಲ್ಲ. ಆದರೂ ಹೊಳಪಿಗೆಂದು ಅದಕ್ಕೆ ಜೇನುಮೇಣ ಹಚ್ಚತೊಡಗಿದೆ. ಚಳಿಗೆ ಮೇಣ ಹಲಗೆಯ ಮೇಲೆ ಬಿಳಿ ಗೆರೆಗಳಾಗಿ ನಿಂತಿತು. ಅಪ್ಪ ಅಂಗೈಯ ಕಾವಿನಲ್ಲೇ ಅದನ್ನು ಕರಗಿಸಿ ಮರಕ್ಕೆ ಹಿಡಿಸುತ್ತಿದ್ದರು.

ಉಜ್ಜಲು ಬೇರೆ ಬಟ್ಟೆ ತೆಗೆದುಕೊಂಡು ತಿರುಗಿದಾಗ, ಮೇಜಿನ ನಡುವೆ ಅಂಗೈಯಗಲ ಜಾಗದಲ್ಲಿ ಮೇಣ ಕರಗಿ ಒಳಗಿಳಿದಿತ್ತು. ಮುಟ್ಟಿದೆ. ಬೆಚ್ಚಗಿತ್ತು.

"ಏನೇ, ಮೇಜನ್ನ ಮುದ್ದು ಮಾಡ್ತಾ ಕೂತಿದ್ದೀಯಾ? ಗಾಡಿ ಬಂತು," ಎನ್ನುತ್ತಾ ಬಂದ ಚಿಕ್ಕಪ್ಪ ಅಲ್ಲೇ ಕೈಯಿಟ್ಟು ಥಟ್ಟನೆ ತೆಗೆದರು. "ಇಲ್ಲಿ ಟೀ ಲೋಟ ಇಟ್ಟಿದ್ಯಾ?"

"ಹೂಂ," ಎಂದೆ.

ಇಬ್ಬರೂ ಸೇರಿ ಎತ್ತುವಾಗ, "ಮರ ಎಷ್ಟು ತಣ್ಣಗೆ ಕೊರೀತಿದೆ!" ಎಂದು ಅವರು ಗೊಣಗಿದರು. ನಾನು ಹಿಡಿದ ಅಂಚು, ಕೈಬಿಡುವವರೆಗೂ ಬೆಚ್ಚಗೇ ಇತ್ತು.