ಕೂಸಿನ ಫೋಟೊ ಇದ್ದ ಕಡತ

2025ರ ಫೆಬ್ರುವರಿ 11, ಮಂಗಳವಾರ, ಬೆಳಿಗ್ಗೆ 10-40. ಬೆಳಗಾವಿ ನಗರದ ಠಾಣೆಗೆ ಬಂದ ಕಾಂತಾ ದೂರು ಹೇಳುವ ಮೊದಲೇ ಅಳತೊಡಗಿದರು. ದತ್ತು ಸಂಸ್ಥೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತೆ ಅವರು.

“ಟೇಬಲ್ ಮ್ಯಾಲಿನ ಫೈಲ್ ಹೋತ್ರಿ ಸರ್.”

“ಯಾವಾಗ?” ಇನ್‌ಸ್ಪೆಕ್ಟರ್ ಗೌರೀಶ ಕೇಳಿದರು.

“ನಿನ್ನಿ ಮಧ್ಯಾಹ್ನ. ಊಟಕ್ಕ ಹೋಗಿ ಬರೂದ್ರಾಗ.”

“ಏನಿತ್ತು ಅದರಾಗ?”

“1997ರಾಗ ಒಪ್ಪಿಸಿ ಹೋದ ಕೂಸಿಂದು. ಹೆತ್ತಾಕಿ ಹೆಸರು, ಊರು, ಕೂಸಿನ ಫೋಟೊ. ನಿನ್ನಿ ಮುಂಜಾನೆನ ಕಪಾಟಿಂದ ತಗದಿದ್ನಿ. ನಾನೂ ಬಿಚ್ಚಿ ಓದಿದ್ದಿಲ್ಲ.”

“ಇನ್ನೊಂದು ಪ್ರತಿ?”

“ಎಲ್ಲೂ ಇಲ್ರಿ. ಆಗಿದ್ದ ಮೇಡಮ್ಮೂ ತೀರಿಕೊಂಡಾರ.”

ಎಫ್‌ಐಆರ್ ದಾಖಲಾಯಿತು. ಬಂಗಾರವಲ್ಲ, ಬೈಕಲ್ಲ, ಹಳೇ ಕಾಗದ ಎಂದು ಠಾಣೆಯಲ್ಲಿ ಒಬ್ಬಿಬ್ಬರು ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಆ ಕೂಸೇ ಈಗ ಇಪ್ಪತ್ತೇಳರ ಸೃಷ್ಟಿ. ಸಾಕಿದವರು ಶಹಾಪುರದ ಬಟ್ಟೆ ವ್ಯಾಪಾರಿ ದಂಪತಿ. ಹೆತ್ತವಳ ಹೆಸರು ತಿಳಿಸಿರೆಂದು ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದಳು. ಹೆತ್ತವಳನ್ನು ಹುಡುಕಿ ಕೇಳಬೇಕು, ಅವಳು ಒಪ್ಪಿದರೆ ಮಾತ್ರ ಹೆಸರು ಕೊಡಬೇಕು ಎನ್ನುತ್ತದೆ ನಿಯಮ. ಹುಡುಕಬೇಕೆಂದರೂ ಆ ಕಡತವೇ ಬೇಕಿತ್ತು. ಬೇಕಾದವಳೇ ಕದ್ದಿರಬೇಕೆಂದು ಪೊಲೀಸರು ಅವಳನ್ನೇ ಮೊದಲು ಕರೆಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

“ಫೈಲ್ ಎಲ್ಲೈತಿ?”

ಸೃಷ್ಟಿ ಕುರ್ಚಿಯಿಂದ ಎದ್ದೇಬಿಟ್ಟಳು. “ಕಳದೇತೇನ್ರಿ? ಖರೇ ಹೇಳ್ರಿ ಸರ್, ಕಳದೇತಿ?”

ನಿನ್ನೆ ಎಂಟರಿಂದ ನಾಲ್ಕರವರೆಗೆ ಅವಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ಹಾಜರಿಯೂ ಇತ್ತು, ಕ್ಯಾಮೆರಾವೂ ಇತ್ತು. ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಾಗ ಹೆಡ್ ಕಾನ್‌ಸ್ಟೆಬಲ್ ನೀಲಾ ಮೆಲ್ಲಗೆ ಕೇಳಿದಳು, “ಸಾಕಿದವ್ರು ಛಲೋ ನೋಡ್ಕೊಳ್ಳೂದಿಲ್ಲೇನವ್ವ?”

“ಜೀವಾ ಮಾಡ್ತಾರ್ರಿ. ಅರ್ಜಿ ಬರದು ಕೊಟ್ಟಾವ್ರ ನಮ್ಮಪ್ಪ. ಹೆತ್ತಾಕಿ ಹೆಸರು ಒಂದ್ಸಲ ಬಾಯಾಗ ಅನಬೇಕು, ಅಷ್ಟ.”

ಮಧ್ಯಾಹ್ನ 3-20ಕ್ಕೆ ಸಂಸ್ಥೆಯ ಬಾಗಿಲಲ್ಲಿ ವಾಚ್‌ಮನ್ ನಾಗಲಿಂಗನ ವಿಚಾರಣೆ. ನಿನ್ನೆ ಊಟದ ಹೊತ್ತಿಗೆ ಒಬ್ಬ ಹೆಂಗಸು ಬಂದಿದ್ದಳು. ಮಾಯಕ್ಕ, ದೇಸೂರ ಎಂದು ಹೇಳಿದ್ದಳು. ಅವನೇ ಪುಸ್ತಕದಲ್ಲಿ ಬರೆದಿದ್ದ. ದೇಸೂರಿನಲ್ಲಿ ಅವಳನ್ನು ಬಲ್ಲವರಿರಲಿಲ್ಲ. ಹೋಗುವಾಗ ಗುಂಜಿ ಕಡೆಯ ಗಾಡಿ ಎಷ್ಟಕ್ಕೆಂದು ಕೇಳಿದ್ದಳಂತೆ, ಪಾಪ, ಸುಳ್ಳು ಹೇಳಿ ರೂಢಿಯಿಲ್ಲದವಳು. ಗೇಟಿನ ಕ್ಯಾಮೆರಾದಲ್ಲಿ ಅವಳ ಮುಖ ಸಿಕ್ಕಿತು. ಸೆರಗಿನಡಿ ಕಡತದ ಅಂಚೂ ಕಾಣುತ್ತಿತ್ತು.

ಹೆತ್ತವಳೇ ಬಂದು ಒಯ್ದಿದ್ದಾಳೆಂದು ಗೌರೀಶ ತೀರ್ಮಾನಿಸಿದರು. ನೀಲಾಳಿಗೆ ತಡೆಯಲಾಗಲಿಲ್ಲ. ಸೃಷ್ಟಿಗೆ ಫೋನ್ ಮಾಡಿ, “ನಿಮ್ಮವ್ವ ಸಿಗ್ತಾಳ ಅನಸ್ತೈತಿ,” ಎಂದುಬಿಟ್ಟಳು. ಹಾಗೆ ಹೇಳಬಾರದಿತ್ತು.

12ನೇ ತಾರೀಖು, ಬುಧವಾರ, ಮಧ್ಯಾಹ್ನ 1-30. ಖಾನಾಪುರ ತಾಲೂಕಿನ ಗುಂಜಿ. ಸ್ಟೇಷನ್ನಿನ ಚಹಾದಂಗಡಿಯವನು ಕ್ಯಾಮೆರಾದ ಫೋಟೊ ನೋಡಿದ ಕೂಡಲೇ ಹೇಳಿದ, “ಸಾಲ್ಯಾಗ ಅಡಗಿ ಮಾಡ್ತಾಳಲ್ರಿ, ಮಾಯವ್ವ. ಕುರಿ ಸೋಮಲಿಂಗನ ಹೇಣ್ತಿ.”

ಪೊಲೀಸರನ್ನು ನೋಡಿ ಮಾಯವ್ವ ಓಡಲಿಲ್ಲ. ಗಂಡ ಕುರಿ ಹೊಡೆದುಕೊಂಡು ಹೋಗಿದ್ದ.

“ಫೈಲ್ ಎಲ್ಲಿ?”

“ಒಲಿಗೆ ಹಾಕಿದ್ನಿ ಸಾಹೇಬ್ರ.”

“ಎಲ್ಲಾ?”

ಅಕ್ಕಿ ಡಬ್ಬಿಯೊಳಗಿನಿಂದ ಒಂದು ಫೋಟೊ ತೆಗೆದು ಕೊಟ್ಟಳು. “ಇದನ್ನ ಸುಡಾಕ ಕೈ ಬರಲಿಲ್ಲ. ನನ್ನ ಮಗಾ ರೀ.”

ಇಬ್ಬರು ಪಂಚರ ಮುಂದೆ ಪಂಚನಾಮೆ ಬರೆಯುತ್ತಿದ್ದ ನೀಲಾ ಫೋಟೊ ತಿರುಗಿಸಿದಳು. ಹಿಂದೆ ಕಡತದ ನಂಬರು, ತೂಕ, ‘ಹೆಣ್ಣು’ ಎಂದು ಬರೆದಿತ್ತು.

“ಇದು ಹೆಣ್ಣುಕೂಸು, ಮಾಯವ್ವ.”

“ಅಲ್ರಿ. ನಾ ಹಡದದ್ದು ಗಂಡು.”

ಗೌರೀಶ ಕಾಂತಾಗೆ ಫೋನ್ ಹಚ್ಚಿದರು. “ಗುಂಜಿ ಮಾಯವ್ವಂದಾ?” ಎಂದರು ಕಾಂತಾ. “ಆ ಫೈಲ್ ಇಲ್ಲೇ ಐತಲ್ರಿ! ಆಕಿ ಮಗನೂ ಅರ್ಜಿ ಹಾಕ್ಯಾನ, ಆಕಿಗೆ ಪತ್ರ ಕಳಿಸಿದ್ವಿ. ಎರಡೂ ಟೇಬಲ್ ಮ್ಯಾಲ ಒಂದರ ಮ್ಯಾಲೊಂದು ಇದ್ವು.”

ಮಾಯವ್ವ ಗೋಡೆ ಹಿಡಿದು ಕೂತಳು. “ಹಂಗಾರ ನನ್ನ ಹೆಸರು ಇನ್ನೂ ಅಲ್ಲೇ ಐತೇನ್ರಿ?” ನೀಲಾಳ ಕೈಯಲ್ಲಿದ್ದ ಫೋಟೊ ನೋಡಿ ಕೇಳಿದಳು, “ಮತ್ತ ನಾ ಸುಟ್ಟದ್ದು ಯಾರ್ದು?”

ಸಂಸ್ಥೆಯಿಂದ ಬಂದ ಪತ್ರ ಎಲ್ಲಿ ಎಂದು ಗೌರೀಶ ಕೇಳಿದರು.

ಆ ಪತ್ರ ಅವಳ ಹತ್ತಿರವೇ ಇತ್ತು. ಊರವರಿಗೆ ತಿಳಿಯಬಾರದೆಂದು ಖಾನಾಪುರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವನೊಬ್ಬನಿಂದ ಓದಿಸಿದ್ದಳು. ಮಗ ನಿಮ್ಮ ಹೆಸರು ಕೇಳುತ್ತಿದ್ದಾನೆ, ಕಡತ ನಮ್ಮ ಕಚೇರಿಯಲ್ಲಿದೆ ಎನ್ನುವತನಕ ಓದಿದ. ಅಷ್ಟರಲ್ಲಿ ಅವನ ಬಸ್ಸು ಬಂತು. ಪತ್ರದ ಹಿಂಬದಿಯನ್ನು ಈಗ ನೀಲಾ ಓದಿದಳು: ನೀವು ಒಪ್ಪದಿದ್ದರೆ ನಿಮ್ಮ ಹೆಸರನ್ನು ಯಾರಿಗೂ ತಿಳಿಸಲಾಗುವುದಿಲ್ಲ.

“ಅಯ್ಯ ಶಿವನ!” ಎಂದಳು ಮಾಯವ್ವ. “ಒಲ್ಲೆ ಅಂದಿದ್ರ ಮುಗೀತಿತ್ತೇನ್ರಿ?”

“ಮುಗೀತಿತ್ತು.”

ಸಂಜೆ 4-15ಕ್ಕೆ ಬಂಧನ. ಬಂಧನದ ವಿಷಯ ಮನೆಯವರೊಬ್ಬರಿಗೆ ತಿಳಿಸಿ ಸಹಿ ಪಡೆಯಬೇಕು. “ನಮ್ಮನಿಯವರಿಗೊಂದು ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ,” ಎಂದು ಮಾಯವ್ವ ನೆಲಕ್ಕೆ ಹಣೆ ಹಚ್ಚಿದಳು. ಕಾನೂನು ಬಿಡಲಿಲ್ಲ. ಕುರಿ ಬಿಟ್ಟು ಬಂದ ಸೋಮಲಿಂಗ ಕೇಳಿಸಿಕೊಂಡ, ಸಹಿ ಹಾಕಿದ, ಹೆಂಡತಿಯ ಕಡೆ ನೋಡದೆ ಹೊರಗೆ ಹೋದ. ಇಪ್ಪತ್ತೈದು ವರ್ಷ ಅವಳು ಮುಚ್ಚಿಟ್ಟಿದ್ದು ಇದಿಷ್ಟನ್ನೇ. ಮದುವೆಗೆ ಮುಂಚೆ ಹಡೆದ ಕೂಸು ಗಂಡನಿಗೆ ಗೊತ್ತಾದರೆ ಮನೆ ಉಳಿಯುವುದಿಲ್ಲವೆಂಬ ಹೆದರಿಕೆಯೇ ಕಳವಿಗೆ ಕಾರಣವೆಂದು ಗೌರೀಶ ಕೇಸ್ ಡೈರಿಯಲ್ಲಿ ಬರೆದುಕೊಂಡರು.

6-10ಕ್ಕೆ ಠಾಣೆಗೆ ಮರಳಿದಾಗ ಸೃಷ್ಟಿ ಬೆಂಚಿನ ಮೇಲೆ ಕಾಯುತ್ತಿದ್ದಳು, ಮುಖ ತೊಳೆದು, ಹೊಸ ಸೀರೆ ಉಟ್ಟು. ನೀಲಾ ಅವಳನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದಳು. ಜಪ್ತಿಯಾದ ಫೋಟೊ ಕೊಡುವಂತಿರಲಿಲ್ಲ, ತೋರಿಸಿದಳು. ಸೃಷ್ಟಿ ಅದನ್ನು ನೋಡಿ, ಮಾಯವ್ವನ ಎದುರಿಗೆ ಹೋಗಿ ಕೂತಳು.

“ಸುಡೂಮುಂದ ಹಾಳಿ ತಿರವಿದ್ರೇನ್ರಿ?”

“ತಿರವಿದ್ನಿ.”

“ಹೆಸರು ಏನಿತ್ತು? ಒಂದಕ್ಷರ ನೆನಪಿದ್ರೂ ಹೇಳ್ರಿ.”

“ನನಗ ಓದಾಕ ಬರೂದಿಲ್ಲ, ಯವ್ವಾ. ಕಡೀ ಹಾಳ್ಯಾಗ ನೀಲಿ ಶಾಯಿದು ಹೆಬ್ಬಟ್ಟಿನ ಗುರುತ ಇತ್ತು. ಅದು ನನ್ನದ ಅಂತ ತಿಳ್ಕೊಂಡ್ನಿ.”

ಹೆತ್ತವಳ ಬಗ್ಗೆ ಸೃಷ್ಟಿಗೆ ಸಿಕ್ಕಿದ್ದು ಅಷ್ಟೇ.