ಮೇಷ್ಟ್ರ ಬೂಟಿನಲ್ಲಿ ಹತ್ತೊಂಬತ್ತು ಬೀಜ

"ಕಾಲೆತ್ತಿ!"

ಅವನು ಎತ್ತಲಿಲ್ಲ. ಎತ್ತುವ ಸ್ಥಿತಿಯಲ್ಲೂ ಇರಲಿಲ್ಲ. ಬಲಗೈಯಲ್ಲಿ ಯಾರದೋ ಹೂವಿನ ಚಿತ್ತಾರದ ಕೊಡೆ, ಎಡಗೈಯಲ್ಲಿ ಯಾರದೋ ಕೈಚೀಲ, ಕೊರಳಲ್ಲಿ ಯಾರದೋ ದುರ್ಬೀನು, ಕಂಕುಳಲ್ಲಿ ಯಾರದೋ ನೀರಿನ ಬಾಟಲಿ.

"ನಿಮಗೇ ಹೇಳ್ತಿರೋದು. ಬೂಟಿನ ತಳ ನೋಡ್ಬೇಕು."

"ಒಂದ್ನಿಮಿಷ ಮೇಡಂ... ಈ ಕೊಡೆ ಸ್ವಲ್ಪ ಹಿಡ್ಕೊಳ್ತೀರಾ?"

"ಅದು ನನ್ನ ಕೆಲಸ ಅಲ್ಲ."

'ನಿಮ್ಮದೂ ಅಲ್ಲ' ಎಂದು ಮನಸ್ಸಿನಲ್ಲೇ ಸೇರಿಸಿದಳು.

ಅವನು ನಕ್ಕು, ಒಂದೇ ಕಾಲಿನ ಮೇಲೆ ತೂರಾಡುತ್ತ ಇನ್ನೊಂದು ಕಾಲೆತ್ತಿದ.

ಮೊದಲ ಭೇಟಿಯಲ್ಲಿ ಕಣ್ಣು ಕಣ್ಣು ಸೇರಬೇಕಂತೆ. ಇಲ್ಲಿ ಸೇರಲಿಲ್ಲ. ನಮ್ಮ ನಾಯಕಿ ತಲೆಯನ್ನೇ ಎತ್ತಲಿಲ್ಲ! ಅಪ್ಪನ ಚಪ್ಪಲಿ ರಿಪೇರಿ ಅಂಗಡಿಯಲ್ಲಿ ಬೆಳೆದವಳು. ಅವಳಿಗೆ ಮನುಷ್ಯರು ಅಂದರೆ ಪಾದರಕ್ಷೆ. ಮುಖ ಬಣ್ಣ ಬದಲಾಯಿಸುತ್ತೆ, ಬೂಟು ಬದಲಾಯಿಸಲ್ಲ ಎನ್ನುವುದು ಅವಳ ವಾದ.

ಆ ಕಂದು ಬೂಟು ಅವಳಿಗೆ ಹಿಡಿಸಿತು. ಹಳೆಯದು, ಮೂರು ಸಲ ಹೊಲಿಸಿದ್ದು, ಎಡಗಾಲಿನ ತುದಿಗೆ ಕಪ್ಪು ದಾರದ ತೇಪೆ. ಬೂಟೇನೋ ಮರ್ಯಾದಸ್ಥರದ್ದು... ಒಳಗಿನ ಕಾಲು ಮಾತ್ರ ಗುಲಾಮನದ್ದು!

ಅವತ್ತೇ ಅವನಿಗೆ 'ಕೊಡೆ ಮೇಷ್ಟ್ರು' ಎಂದು ಹೆಸರಿಟ್ಟಳು. ಹಡಗಿನವರು ಇವಳಿಗೆ 'ಬೂಟಮ್ಮ' ಎಂದು ಹೆಸರಿಟ್ಟಿದ್ದರು. ಹೀಗಾಗಿ ಲೆಕ್ಕ ಸರಿಹೋಯಿತು.

ಹಡಗಿನ ವಿಷಯ ಹೇಳಲೇಬೇಕು. ಆರಂತಸ್ತು. ಮಲಗಲು ಹನ್ನೊಂದು ಬಗೆಯ ದಿಂಬು, ಆರಿಸಿಕೊಳ್ಳಲು ಅದಕ್ಕೊಂದು ಪಟ್ಟಿ. "ಮನುಷ್ಯರ ಸೋಂಕಿಲ್ಲದ ದ್ವೀಪಗಳು" ಎಂದು ಜಾಹೀರಾತು. ಆ ದ್ವೀಪಗಳಿಗೆ ತೊಂಬತ್ತಾರು ಮನುಷ್ಯರು ಸಾಲುಗಟ್ಟಿ ಇಳಿದು, ಫೋಟೋ ತೆಗೆಸಿಕೊಂಡು, ಊಟದ ಹೊತ್ತಿಗೆ ವಾಪಸಾಗುತ್ತಿದ್ದರು. ಸಾಹಸಯಾತ್ರೆಯಂತೆ! ಎರಡು ಗಂಟೆ ಎ.ಸಿ. ಇಲ್ಲದೆ ಇರುವುದೇ ಇವರ ಸಾಹಸ.

ಇಷ್ಟು ಜನ ಒಂದು ದ್ವೀಪದ ಕಳೆಯನ್ನು ಬೂಟಿನಲ್ಲಿ ಹೊತ್ತು ಇನ್ನೊಂದು ದ್ವೀಪಕ್ಕೆ ಬಿತ್ತಬಾರದಲ್ಲ? ಅದಕ್ಕೇ ಹಡಗಿನ ಹಿಂಭಾಗದಲ್ಲಿ ಬೂಟಿನ ಕೋಣೆ. ಒಂದು ಬೆಂಚು, ನಂಬರು ಹಾಕಿದ ಗೂಟಗಳು, ಬ್ರಷ್, ಚಿಮಟ, ಒಂದು ರಿಜಿಸ್ಟರ್. ದ್ವೀಪದಿಂದ ಬಂದವರು ಬೆಂಚಿನ ಮೇಲೆ ಕೂತು ಕಾಲು ಚಾಚಬೇಕು. ಬೂಟು ಬಿಚ್ಚಿಸಿ, ಬೀಜ ಹೆಕ್ಕಿ, ಇಂಥವರ ಕಾಲಿನಲ್ಲಿ ಇಷ್ಟು ಸಿಕ್ಕಿತು ಎಂದು ಬರೆದು ಸಹಿ ಹಾಕುವುದು ಬೂಟಮ್ಮನ ಕೆಲಸ. ಅವಳು ಇನ್ನೂ ಟ್ರಯಲ್ ಮೇಲಿದ್ದಳು. ಈ ಯಾನ ತಪ್ಪಿಲ್ಲದೆ ಮುಗಿದರೆ ಕೆಲಸ ಕಾಯಂ.

ನಿಯಮವೂ ಚೆನ್ನಾಗಿತ್ತು. ಪ್ರಯಾಣಿಕರ ಬೂಟಿನಲ್ಲಿ ಬೀಜ ಸಿಕ್ಕರೆ ಕ್ಷಮೆ ಕೇಳಿ ತೊಳೆದುಕೊಡಬೇಕು. ಗೈಡಿನ ಬೂಟಿನಲ್ಲಿ ಸಿಕ್ಕರೆ ಮುಂದಿನ ದ್ವೀಪಕ್ಕೆ ಅವನು ಇಳಿಯುವಂತಿಲ್ಲ!

ಇನ್ನು ಮೇಷ್ಟ್ರ ವಿಷಯ. ನಾಯಕಿಗೆ ಗೊತ್ತಿರಲಿಲ್ಲ, ನಿಮಗೆ ಹೇಳಿಬಿಡುತ್ತೇನೆ. ಹಡಗಿನ ಗೈಡಾಗಿ ಪ್ರಯಾಣಿಕರಿಗೆ ದ್ವೀಪಗಳ ಪಾಠ ಹೇಳುತ್ತಿದ್ದ ಅವನು ಕಡಲ ಹಕ್ಕಿಗಳನ್ನು ಓದಿಕೊಂಡವನು. ಈ ಯಾನದ ಕೊನೆಯ ದ್ವೀಪದ ಬರಿ ಮರಳಿನಲ್ಲಿ ಒಂದು ಜಾತಿಯ ಹಕ್ಕಿ ಮೊಟ್ಟೆಯಿಡುತ್ತದೆ. ಒಂಬತ್ತು ವರ್ಷದಿಂದ ಅವುಗಳ ಗೂಡು ಎಣಿಸುತ್ತಿದ್ದ. ಹತ್ತು ವರ್ಷದ ಎಣಿಕೆ ತಪ್ಪದೆ ಇದ್ದರೆ ಆ ದ್ವೀಪಕ್ಕೆ ಜನ ಇಳಿಯುವುದನ್ನೇ ನಿಲ್ಲಿಸಿ ಎಂದು ಅರ್ಜಿ ಹಾಕಬಹುದು. ಅಲ್ಲಿಗೆ ಹೋಗುವುದು ಇದೊಂದೇ ಹಡಗು, ವರ್ಷಕ್ಕೆ ಒಂದೇ ಸಲ. ಪ್ರಯಾಣಿಕರು ಒಳ್ಳೆಯ ಅಂಕ ಕೊಟ್ಟರೆ ಮಾತ್ರ ಮುಂದಿನ ವರ್ಷ ಗೈಡಿಗೆ ಜಾಗ.

ಅಂದರೆ, ಇವರನ್ನೆಲ್ಲ ದ್ವೀಪದಿಂದ ಆಚೆ ಇಡುವುದಕ್ಕೆಂದೇ ಅವನು ಇವರ ಕೊಡೆ ಹಿಡಿಯುತ್ತಿದ್ದ!

ಆರನೇ ದಿನದ ದ್ವೀಪದಿಂದ ದೋಣಿಗಳು ಮರಳಿದವು. ಬೆಂಚಿನ ಮೇಲೆ ಕಾಲುಗಳು ಬಂದವು, ಹೋದವು. ನಡುವೆ ಆ ಕಂದು ಬೂಟು. ಪಟ್ಟಿಯ ಸಂದಿಯಲ್ಲಿ ಮುಳ್ಳುಬೀಜ. ಒಂದು... ಎರಡು... ಹತ್ತೊಂಬತ್ತು!

ಬೂಟಮ್ಮನ ಮೈಯೆಲ್ಲ ಉರಿದುಹೋಯಿತು. ತಲೆ ಎತ್ತದೆಯೇ ಬೂಟನ್ನು ಮೇಷ್ಟ್ರ ಗೂಟಕ್ಕೆ ನೇತುಹಾಕಿ, ರಿಜಿಸ್ಟರಿನಲ್ಲಿ ಮೇಷ್ಟ್ರ ನಂಬರು ಬರೆದು, ಜೋರಾಗಿ ಸಹಿ ಹಾಕಿದಳು.

ಸಂಜೆ ಯಾನದ ಮುಖ್ಯಸ್ಥೆ ಇಬ್ಬರನ್ನೂ ಕರೆಸಿದರು.

"ಏನ್ರೀ ಮೇಷ್ಟ್ರೇ ಇದು? ಹತ್ತೊಂಬತ್ತು!"

ಮೇಷ್ಟ್ರು ಬಾಯಿ ತೆರೆದ. ರಿಜಿಸ್ಟರಿನ ಸಹಿಯ ಮೇಲೆ ಕಣ್ಣು ಬಿತ್ತು. ಬಾಯಿ ಮುಚ್ಚಿದ. ಮತ್ತೆ ತೆರೆದಾಗ ಬಂದದ್ದು ಬೇರೆ ಮಾತು.

"ತಪ್ಪಾಯ್ತು."

"ನಾಳೆ ಕೊನೇ ದ್ವೀಪಕ್ಕೆ ನೀವು ಇಳಿಯೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತು."

ಹೊರಗೆ ಬರುವಾಗ ಬೂಟಮ್ಮ ಸುಮ್ಮನಿರಲಾರದೆ ಹೇಳಿದಳು. "ಮೂರು ಹೊತ್ತೂ ಕೊಡೆ ಹಿಡ್ಕೊಂಡು ಮೇಲೆ ನೋಡ್ತಿದ್ರೆ ಕಾಲ ಕೆಳಗೆ ಏನಿದೆ ಅಂತ ಹೇಗೆ ಕಾಣುತ್ತೆ ಬಿಡಿ."

ಅವನು ತಲೆಯಾಡಿಸಿ ಹೊರಟುಹೋದ. ಅವಳಿಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ... ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಎಂಟು. ದೋಣಿಗಳು ಹೊರಡಲು ಇನ್ನು ಒಂದು ಗಂಟೆ. ಬೆಂಚಿನ ಮೇಲೆ ಧೊಪ್ಪನೆ ಒಬ್ಬರು ಕೂತರು. ಎರಡೂ ಹಿಮ್ಮಡಿಗೆ ಬ್ಯಾಂಡೇಜು.

"ಆ ಕಂದು ಬೂಟು ಕೊಡಮ್ಮ. ನಂದು ಕಚ್ಚುತ್ತೆ."

"ಅದು ಗೈಡ್ ಬೂಟು ಸರ್."

"ಗೊತ್ತಮ್ಮ. ನಿನ್ನೆ ದೋಣೀಲಿ ಬಿಚ್ಚಿ ಕೊಟ್ಟ ಪಾಪ. ನಾನು ದ್ವೀಪ ಪೂರ್ತಿ ಸುತ್ತಿದೆ, ಅವನು ಬರಿಗಾಲಲ್ಲಿ ದೋಣೀಲೇ ಕೂತಿದ್ದ. ವಾಪಸ್ ಬಂದಾಗ ನೀನೇ ಅಲ್ವಾ ಬಿಚ್ಚಿಸ್ಕೊಂಡಿದ್ದು?"

ಆಗ... ಏಳು ದಿನದಲ್ಲಿ ಮೊದಲ ಬಾರಿಗೆ ನಮ್ಮ ನಾಯಕಿ ಬೆಂಚಿನ ಮೇಲಿನವರ ಮುಖ ನೋಡಿದಳು. ಕಾರ್ಖಾನೆಯ ಯಜಮಾನರು. ಹಡಗಿನಲ್ಲೇ ಅತಿ ದೊಡ್ಡ ಕೋಣೆಯವರು, ಮೂರು ಗಲ್ಲದವರು. ಮರೆಯುವಂಥ ಮುಖವೇ ಅಲ್ಲ!

ಅವಳು ರಿಜಿಸ್ಟರ್ ತೆರೆದು ತನ್ನ ಸಹಿ ನೋಡಿದಳು.

'ದೇವರೇ... ಅವನು ದ್ವೀಪಕ್ಕೆ ಕಾಲೇ ಇಟ್ಟಿಲ್ಲ!'

ಉಪನ್ಯಾಸದ ಕೋಣೆಯಲ್ಲಿ ಮೇಷ್ಟ್ರು ಒಬ್ಬನೇ ಕೂತು ಏನೋ ಬರೆಯುತ್ತಿದ್ದ. ತನ್ನ ಬದಲು ಹೋಗುವ ಫೋಟೋಗ್ರಾಫರನಿಗೆ ಗೂಡು ಎಣಿಸುವ ಬಗೆ. ಆ ಫೋಟೋಗ್ರಾಫರನಿಗೆ ಬಾತುಕೋಳಿಗೂ ಹದ್ದಿಗೂ ವ್ಯತ್ಯಾಸ ತಿಳಿಯದು.

"ಯಾಕೆ ಹೇಳ್ಲಿಲ್ಲ?" ಬಾಗಿಲಿನಿಂದಲೇ ಕೂಗಿದಳು.

"ಏನನ್ನ?"

"ನಾಟಕ ಬೇಡ! ಯಜಮಾನರು ಎಲ್ಲಾ ಹೇಳಿದ್ರು."

ಅವನು ಪೆನ್ನು ಕೆಳಗಿಟ್ಟ. "ಹೇಳಿದ್ರೆ ರಿಜಿಸ್ಟರ್ ಸುಳ್ಳಾಗ್ತಿತ್ತು. ಮುಖ ನೋಡದೆ ಸಹಿ ಹಾಕಿದ್ದಾಳೆ ಅಂತ ಅಲ್ಲೇ ನಿಮ್ಮನ್ನ ತೆಗೀತಿದ್ರು."

"ತೆಗೀಲಿ! ನನ್ನ ಕೆಲಸ ಕಾಯೋಕೆ ನೀವ್ಯಾರು? ನಿಮ್ಮ ತ್ಯಾಗಾನ ಇಲ್ಲಿ ಯಾರು ಕೇಳಿದ್ರು?"

"ತ್ಯಾಗ ಅಲ್ಲ ರೀ..." ಅವನ ದನಿ ಕುಗ್ಗಿತು. "ಯಜಮಾನರ ಹೆಂಡತಿ ಶೂನ ನೀವು ನಾಲ್ಕು ಸಲ ವಾಪಸ್ ಕಳ್ಸಿದ್ರಿ, ನೆನಪಿದ್ಯಾ? ಐದನೇ ಸಲ ಆಯಮ್ಮ ತಾನೇ ಬ್ರಷ್ ಹಿಡಿದು ಉಜ್ಜಿದ್ರು. ಒಂಬತ್ತು ವರ್ಷದಲ್ಲಿ ಅಂಥಾದ್ದು ನಾನು ನೋಡೇ ಇರ್ಲಿಲ್ಲ. ನಿಮ್ಮ ಜಾಗಕ್ಕೆ ಬೇರೆ ಯಾರೋ ಬಂದ್ರೆ ಹಲ್ಲು ಕಿರಿದು ಎಲ್ಲಾರನ್ನೂ ಬಿಟ್ಬಿಡ್ತಾರೆ. ನಾನು ಹಕ್ಕಿ ಎಣಿಸ್ತೀನಿ ಅಷ್ಟೇ. ಉಳಿಸ್ತಿರೋದು ನೀವು."

ಆಮೇಲೆ ಅವನು ಹತ್ತು ವರ್ಷದ ಲೆಕ್ಕ, ಅರ್ಜಿ, ಅಂಕ, ಎಲ್ಲವನ್ನೂ ಹೇಳಿದ. ಕೊಡೆಯ ವಿಷಯವನ್ನೂ.

ಬೂಟಮ್ಮ ಮನಸ್ಸಿನಲ್ಲೇ ತನ್ನನ್ನು ಬಯ್ದುಕೊಂಡಳು. ಏಳು ದಿನ ಈ ಮನುಷ್ಯನನ್ನು ಎಷ್ಟು ಕೀಳಾಗಿ ಕಂಡೆ! ಗುಲಾಮ ಅಂದೆ... ಅವನ ಬೂಟಿನ ಒಂದೊಂದು ಹೊಲಿಗೆಯೂ ಗೊತ್ತಿತ್ತು ನನಗೆ, ಅವನ ಕಣ್ಣು ಯಾವ ಬಣ್ಣ ಅಂತ ಗೊತ್ತಿರಲಿಲ್ಲ.

ಈಗ ನೋಡಿದಳು. ಜೇನಿನ ಬಣ್ಣ.

"ಕೂತಿರಿ ಇಲ್ಲೇ. ಹೊರಡೋಕೆ ರೆಡಿಯಾಗಿರಿ!" ಎಂದು ಓಡಿದಳು.

ಮುಖ್ಯಸ್ಥೆ ಎಲ್ಲವನ್ನೂ ಕೇಳಿ, ರಿಜಿಸ್ಟರ್ ತೆರೆದು, ಅವಳ ಸಹಿಯ ಮೇಲೆ ಕೆಂಪು ಗೆರೆ ಎಳೆದರು.

"ಈಗಿಂದ ನೀನು ಲಾಂಡ್ರಿಗೆ. ಕಾಯಂ ವಿಷಯ ಮರೆತುಬಿಡು."

"ಸರಿ ಮೇಡಂ. ಮೇಷ್ಟ್ರು ಇಳೀಬಹುದಲ್ಲ?"

"ಅದು ಹೇಗೆ? ಬೂಟು ಬೇರೆಯವರಿಗೆ ಕೊಟ್ಟಿದ್ದೂ ತಪ್ಪೇ. ಆದೇಶ ಆದೇಶವೇ."

ನಿಜ ಹೇಳಿದವಳ ಕೆಲಸ ಹೋಯಿತು, ನಿಜದಿಂದ ಯಾರಿಗೂ ಉಪಯೋಗವಾಗಲಿಲ್ಲ. ಕಚೇರಿಗಳು ಇರುವುದೇ ಹೀಗೆ. ನಿಜಕ್ಕೆ ಬಾಗದ ಮುಖ್ಯಸ್ಥೆ ಯಾವುದಕ್ಕೆ ಬಾಗುತ್ತಾರೆ ಎನ್ನುವುದು ಬೂಟಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಮೆಟ್ಟಿಲು ಹತ್ತಿದಳು.

ಮೇಲಿನ ಅಂತಸ್ತಿನ ಬಿಸಿಲಿನಲ್ಲಿ ಯಜಮಾನರ ಹೆಂಡತಿ ಒರಗು ಕುರ್ಚಿಯಲ್ಲಿ ಬಿದ್ದುಕೊಂಡಿದ್ದರು. ಬೂಟಮ್ಮ ಪಕ್ಕದಲ್ಲಿದ್ದ ಹೂವಿನ ಕೊಡೆ ಬಿಚ್ಚಿ, ಅವರ ತಲೆಯ ಮೇಲೆ ಹಿಡಿದು ನಿಂತಳು. ಹುಟ್ಟಿದ ಮೇಲೆ ಯಾರಿಗೂ ಬೆಣ್ಣೆ ಹಚ್ಚಿದವಳಲ್ಲ.

"ಅಮ್ಮಾವ್ರೇ... ಅವತ್ತು ನಿಮ್ಮ ಶೂ ವಿಷಯದಲ್ಲಿ ನಾನು ಅತಿಯಾಗಿ ಆಡ್ಬಿಟ್ಟೆ."

"ಹೂಂ. ಈಗ ಬುದ್ಧಿ ಬಂತಾ?"

"ಬಂತು ಅಮ್ಮಾವ್ರೇ." ನಾಲಿಗೆ ಕಚ್ಚಿಕೊಂಡಳು. "ಇವತ್ತು ಮೇಷ್ಟ್ರು ದ್ವೀಪಕ್ಕೆ ಬರಲ್ವಂತೆ. ಆ ಫೋಟೋಗ್ರಾಫರು ಬರ್ತಾರಂತೆ. ನಿಮ್ಮ ಕೈಚೀಲ ಹಿಡಿಯೋರು ಯಾರೋ ಏನೋ..."

ಆಯಮ್ಮ ಎದ್ದು ಕೂತರು.

"ಏನಂದೆ? ಕೈಚೀಲ ನಾನು ಹಿಡ್ಕೋಬೇಕಾ?"

"ಮುಖ್ಯಸ್ಥೆ ಮಾತು ಮೀರೋಕೆ ಯಾರಿಂದಾಗುತ್ತೆ ಅಮ್ಮಾವ್ರೇ. ನಿಮ್ಮಂಥೋರು ಹೇಳಿದ್ರೆ ಬೇರೆ ಮಾತು."

ಹತ್ತೇ ನಿಮಿಷ! ಸತ್ಯ, ನ್ಯಾಯ, ಹಕ್ಕಿ, ಯಾವುದಕ್ಕೂ ಜಗ್ಗದ ಆದೇಶ ಒಂದು ಕೈಚೀಲಕ್ಕೆ ಜಗ್ಗಿತು. ಮೇಷ್ಟ್ರು ಮೊದಲ ದೋಣಿಯಲ್ಲೇ ಹೊರಟ. ಅವನ ಬೂಟನ್ನು ಬೂಟಮ್ಮ ಕೊನೆಯ ಸಲ, ಯಾರ ಅಪ್ಪಣೆಯೂ ಇಲ್ಲದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಒಂದು ಬೀಜವೂ ಇರಲಿಲ್ಲ. ಕಚ್ಚುವ ಬೂಟಿನ ಯಜಮಾನರು ಹಡಗಿನಲ್ಲೇ ಉಳಿದರು. ಅಷ್ಟರಮಟ್ಟಿಗೆ ದ್ವೀಪಕ್ಕೆ ಒಳ್ಳೆಯದೇ ಆಯಿತು.

ಸಂಜೆ ಲಾಂಡ್ರಿಯಲ್ಲಿ ಅವಳು ಟವೆಲುಗಳನ್ನು ಹಂಸದ ಆಕಾರಕ್ಕೆ ಮಡಚುತ್ತಿದ್ದಳು. ಪ್ರತಿ ಹಾಸಿಗೆಗೂ ಒಂದು ಹಂಸವಂತೆ! ಒಂದರ ಕುತ್ತಿಗೆಯೂ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಬಾಗಿಲಲ್ಲಿ ಅವನು. ಕೈಯಲ್ಲಿ ಏನೂ ಇರಲಿಲ್ಲ.

"ಇನ್ನೂರ ಮೂವತ್ತೇಳು ಗೂಡು," ಎಂದ. ಕಣ್ಣು ತುಂಬಿತ್ತು. "ಹತ್ತು ವರ್ಷ ಮುಗೀತು ರೀ. ಅರ್ಜಿ ಹಾಕ್ತೀನಿ. ಪಾಸಾದ್ರೆ ಈ ಹಡಗು ಇನ್ನು ಈ ಕಡೆ ತಲೆ ಹಾಕಲ್ಲ."

"ಆಗ ನಿಮ್ಗೂ ಕೆಲಸ ಇಲ್ಲ."

"ಇಲ್ಲ."

"ಇಷ್ಟು ವರ್ಷ ಹಲ್ಲು ಕಿರಿದಿದ್ದು ನಿಮ್ಮ ಕೆಲಸಾನೇ ಕಳ್ಕೊಳ್ಳೋಕಾ? ನಿಮ್ಮಂಥ ಪೆದ್ದ ಮನುಷ್ಯನ್ನ ನಾನು ನೋಡೇ ಇಲ್ಲ!"

"ನಾನೂ ಅಷ್ಟೇ," ಎಂದ ಅವನು. "ನಾಲ್ಕು ದಿನ ಸುಮ್ನಿದ್ದಿದ್ರೆ ಕಾಯಂ ಆಗ್ತಿತ್ತು. ಯಾಕೆ ಹೇಳಿದ್ರಿ?"

ಅವಳು ಹಂಸವನ್ನು ಬಿಚ್ಚಿ ಮತ್ತೆ ಮಡಚಿದಳು. ಮತ್ತೆ ಬಿಚ್ಚಿದಳು. 

"ನಿಮ್ಮ ಮುಖ ನೋಡಕ್ಕಾಗ್ಲಿಲ್ಲ ರೀ. ದೋಣಿ ಹೋದ್ಮೇಲೆ ನೀವು ಆ ಕೋಣೇಲಿ ಒಬ್ರೇ ಕೂತಿರ್ತೀರ ಅಂತ ನೆನೆಸ್ಕೊಂಡೆ... ಉಸಿರೇ ನಿಂತಂಗಾಯ್ತು. ಈ ಹಡಗು, ಈ ಕೆಲಸ ಎಲ್ಲಾ ಹಾಳಾಗ್ಲಿ ಅನ್ನಿಸ್ತು. ನಂಗೆ ನೀವು ಬೇಕು. ಅಷ್ಟೇ."

ಹೇಳಿಬಿಟ್ಟಳು! ಹೇಳಿ ತಾನೇ ಬೆಚ್ಚಿದಳು.

ಅವನು ಹತ್ತಿರ ಬಂದು ಅವಳ ಕೈಯಿಂದ ಟವೆಲು ತೆಗೆದು ಪಕ್ಕಕ್ಕಿಟ್ಟ.

"ನಾನೇ ಮೊದಲು ಹೇಳ್ಬೇಕು ಅಂತ ದೋಣೀಲಿ ಪೂರ್ತಿ ಅಭ್ಯಾಸ ಮಾಡ್ಕೊಂಡು ಬಂದೆ."

"ಮತ್ತೆ ಬಂದ ತಕ್ಷಣ ಗೂಡಿನ ಲೆಕ್ಕ ಹೇಳಿದ್ರಿ!"

"ಭಯ ಆಯ್ತು."

"ಈಗ ಹೇಳಿ."

"ಇಷ್ಟ ರೀ ನೀವು. ನೀವು ನನ್ನ ಬಯ್ದಾಗ್ಲೂ ಇಷ್ಟ. ನಿಮ್ಮನ್ನ ಬಿಟ್ಟು ಈ ಹಡಗಿಂದ ಇಳಿಯೋ ಯೋಚನೆ ನಂಗಿಲ್ಲ."

ಅವಳು ಅಳುತ್ತಲೇ ನಕ್ಕಳು. ಅವನ ಅಂಗಿಗೆ ಹಣೆ ಆನಿಸಿದಳು. ಉಪ್ಪುನೀರಿನ ವಾಸನೆಯಿತ್ತು.

"ಇನ್ನೊಂದ್ಸಲ ನನ್ನ ಪರವಾಗಿ ಬಾಯಿ ಮುಚ್ಕೊಂಡು ಕೂತ್ರೆ ನೋಡಿ."

"ಕೂರಲ್ಲ."

"ನಾನು ತಪ್ಪು ಮಾಡಿದ್ರೆ ನನ್ನ ಎದುರಿಗೇ ಹೇಳ್ಬೇಕು."

"ಹೇಳ್ತೀನಿ."

"ಪ್ರಾಮಿಸ್?"

"ಪ್ರಾಮಿಸ್. ಈಗ್ಲೇ ಒಂದು ಹೇಳ್ಲಾ?"

"ಏನು?"

"ಆ ಹಂಸ... ನೋಡೋಕೆ ಥೇಟ್ ಆನೆ ತರ ಇದೆ."

"ಬಾಯಿ ಮುಚ್ರೀ!" ಎಂದು ಅವಳು ಅವನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.