ಹತ್ತು ಟೇಪುಗಳ ತಾರೀಖು

ಸೋಮವಾರ ಬೆಳಿಗ್ಗೆ ನಂದಾದೀಪ ಸಕ್ಕರೆ ಕಾರ್ಖಾನೆಯ ಕಂಪ್ಯೂಟರಿನ ಡಿಸ್ಕ್ ಕೆಟ್ಟು ನಿಂತಿತು. ಹೋಗಲಿ, ಟೇಪಿನಲ್ಲಿ ನಕಲು ಇದೆಯಲ್ಲ ಎಂದು ಹೊಸ ಡಿಸ್ಕ್ ಹಾಕಿ ಟೇಪ್ ಓಡಿಸಿದರು. ಹತ್ತೂ ಟೇಪುಗಳ ಮೇಲೆ ಮೊನ್ನೆಮೊನ್ನೆಯ, 1994ರ ಜನವರಿಯ ತಾರೀಖು. ಒಳಗೆ? ಎಲ್ಲ ದೀಪಾವಳಿಯ ಹಿಂದಿನದು. ಆಮೇಲೆ ಬಂದ ಒಂದು ಕಬ್ಬಿನ ಗಾಡಿಯ ತೂಕವೂ ಇರಲಿಲ್ಲ.

ನಾನು ಅಲ್ಲಿ ಗಾಡಿ ತೂಗುವ ಕಾಟಾ ಗುಮಾಸ್ತ, ನಾಮದೇವ. ಕಂಪ್ಯೂಟರಿನ ಯಜಮಾನರು ರಾವಸಾಹೇಬರು. ಪುಣೆಯಲ್ಲಿ ಮೂರು ತಿಂಗಳು ಕಲಿತು ಬಂದ ಮಹಾ ಪಂಡಿತರು. ನಮ್ಮಂಥವರ ಜೊತೆ ಮಾತಾಡುವಾಗ ಮುಖವನ್ನೂ ನೋಡುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ತಪ್ಪು ಯಾರದೆಂದು ಹೇಳಿಯೇಬಿಟ್ಟರು. ಟೇಪ್ ಬದಲಿಸಿ ತಾರೀಖು ಬರೆಯುವವಳು ಸುಂದರಾ. ನಕಲು ತೆಗೆಯದೆ ಸುಳ್ಳು ತಾರೀಖು ಬರೆದಿದ್ದಾಳೆ, ಸಂಜೆಯೊಳಗೆ ಕೆಲಸದಿಂದ ತೆಗೆಯಿರಿ ಎಂದರು. ಅವಳ ಮನೆಯಲ್ಲಿ ನೌಕರಿ ಇದ್ದದ್ದು ಅವಳೊಬ್ಬಳಿಗೆ.

ನಿಜ ಏನೆಂದು ವಿಚಾರಿಸಲು ಚೇರಮನ್ನರು ಗೇಟಿನ ಕಾವಲು ನೋಡುವ ನಿವೃತ್ತ ಪೊಲೀಸ್ ಜಮಾದಾರ ಧರೆಪ್ಪನವರನ್ನು ಕರೆಸಿದರು. ರಾವಸಾಹೇಬರು ನಕ್ಕರು.

ಸುಂದರಾ ಅಳಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ನಕಲು ತಾನೇ ಶುರುವಾಗುವಂತೆ ಸಾಹೇಬರು ಹೊಂದಿಸಿದ್ದರು, ಅದನ್ನು ಮುಟ್ಟುವ ಪಾಸ್‌ವರ್ಡ್ ಅವರೊಬ್ಬರ ಬಳಿ ಇತ್ತು, 'ಈಗ ಹೊಸ ಪದ್ಧತಿ, ನೀನು ಟೇಪ್ ಬದಲಿಸಿದರೆ ಸಾಕು' ಎಂದು ದೀಪಾವಳಿಗೆ ಹೇಳಿದ್ದರು ಎಂದಳು. ಸಾಹೇಬರು ಹಾಗೆ ಹೇಳಿಯೇ ಇಲ್ಲವಂತೆ. ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಇಷ್ಟು ಕೇಳಿದ ಧರೆಪ್ಪನವರು ಕಂಪ್ಯೂಟರ್ ಕೋಣೆಗೆ ಹೋಗಲೇ ಇಲ್ಲ. ಗೇಟಿನಾಚೆ ಕೆಂಚವ್ವನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕುಳಿತರು. ಎರಡು ತಿಂಗಳಿಂದ ಸಂಜೆ ಮಾಡಿದ ಚಹಾ ಹಾಗೇ ಉಳಿಯುತ್ತದೆ ಎಂದು ಅವಳು ಗೊಣಗಿದಳು. ಇಲ್ಲಿ ಒಬ್ಬಳ ನೌಕರಿ ಹೋಗುತ್ತಿದೆ, ಇವರಿಗೆ ಚಹಾದ ಚಿಂತೆ ಎಂದು ನನಗೆ ಸಿಟ್ಟು ಬಂತು.

ಸಂಜೆ ಚೇರಮನ್ನರ ಎದುರು ಧರೆಪ್ಪನವರು ಕೇಳಿದರು: "ರಾವಸಾಹೇಬ್ರ, ನಕಲು ಓಡೂವಾಗ ಉಳದ ಕೆಲಸ ನಿಧಾನ ಆಗತೈತಿ ಏನ್ರಿ?"

"ಆಗತೈತಿ. ಇದ್ದದ್ದ ಒಂದ ಡಿಸ್ಕ್, ಎರಡೂ ಕಡೆ ದುಡೀಬೇಕಲ್ಲ. ನಿಮಗ ತಿಳಿಯೂದಿಲ್ಲ, ಬಿಡ್ರಿ."

"ನಾಮದೇವ, ಮದಲ ನಾಲ್ಕಕ್ಕ ಕಂಪ್ಯೂಟರಿನ್ಯಾಗಿಂದ ಒಂದ ತೂಕದ ಚೀಟಿ ಬರಾಕ ಎಷ್ಟೊತ್ತ ಹಿಡೀತಿತ್ತು?"

"ಐದ ನಿಮಿಷ್ರಿ. ಗಾಡಿ ಸಾಲ ಕೆಂಚವ್ವನ ಅಂಗಡಿ ತನಕ ಹತ್ತತಿತ್ತು, ಗಾಡಿಯವ್ರು ಅಲ್ಲೇ ಚಹಾ ಕುಡೀತಿದ್ರು."

"ಈಗ?"

ಥೂ ನನ್ನ ತಲೆಗಿಷ್ಟು! ದೀಪಾವಳಿಯ ನಂತರ ಆ ಸಾಲೇ ಇರಲಿಲ್ಲ. ಕಂಪ್ಯೂಟರಿನ ವೇಗ ಹೆಚ್ಚಿಸಿದರೆಂದು ಸಾಹೇಬರಿಗೆ ಶಾಲು ಹೊದಿಸಿದಾಗ ಚಪ್ಪಾಳೆ ತಟ್ಟಿದವನೂ ನಾನೇ.

"ವೇಗ ಹೆಂಗ ಹೆಚ್ಚಿಸಿದ್ರಿ? ಹೊಸ ಯಂತ್ರ ತಂದ್ರ್ಯಾ? ಹೊಸ ಡಿಸ್ಕ್?" ಎಂದು ಧರೆಪ್ಪನವರು ಒಂದೊಂದಾಗಿ ಕೇಳಿದರು. ಆಗ ಹೊಸದೇನೂ ಬಂದಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. "ನಕಲು ಓಡಿದ್ರ ಸಾಲ ಹತ್ತಬೇಕು. ಎರಡ ತಿಂಗಳಿಂದ ಸಾಲ ಇಲ್ಲ, ಯಾಕಂದ್ರ ನಕಲು ಇಲ್ಲ. ಅದನ್ನ ನಿಲ್ಲಿಸಾಕ ಬರೂದು ಪಾಸ್‌ವರ್ಡ್ ಇದ್ದಾಂವಗ. ನೀವು ನಕಲು ನಿಲ್ಲಿಸಿ ಶಾಲು ಹೊದ್ಕೊಂಡ್ರಿ, ತಪ್ಪು ಈ ಹುಡುಗಿ ತಲಿಗೆ ಕಟ್ಟಿದ್ರಿ."

ಚೇರಮನ್ನರು ಸುಂದರಾಳ ವಜಾ ಪತ್ರ ಹರಿದರು. ಎರಡು ತಿಂಗಳ ಕಾಟಾ ಚೀಟಿಗಳ ಕಟ್ಟುಗಳು ನನ್ನ ಕೋಣೆಯಲ್ಲಿದ್ದವು. ಅಷ್ಟನ್ನೂ ಸಾಹೇಬರು ಓದಿ ಹೇಳಬೇಕು, ಸುಂದರಾ ಕಂಪ್ಯೂಟರಿಗೆ ಹಾಕಬೇಕು ಎಂದು ಹುಕುಮಾಯಿತು.

ಮರುದಿನ ಪುಣೆಯ ಪಂಡಿತರು ಸ್ಟೂಲಿನ ಮೇಲೆ ಕುಳಿತು ಗಾಡಿ ನಂಬರು, ತೂಕ ಎಂದು ಗಡಗಡ ಓದತೊಡಗಿದರು. ಸುಂದರಾ ಕೈ ಎತ್ತಿ ತಡೆದಳು.

"ಸಾವಕಾಶ ಓದ್ರಿ, ಸಾಹೇಬ್ರ. ಇಲ್ಲಿ ಯಾರೂ ಶಾಲು ಹೊದಸೂದಿಲ್ಲ."